ಕೆಂಪು ಹಾಳೆಯ ಮಾತು

ಹೊನ್ನಾಳಿ
9 ನವೆಂಬರ್ 2025, ಭಾನುವಾರ

ಸೊಕ್ಕೆಯಲ್ಲಿರುವ ಅಕ್ಕ ಲಕ್ಷ್ಮಕ್ಕನಿಗೆ ತಮ್ಮ ಪಾಲಣ್ಣನ ನಮಸ್ಕಾರ.

ನಾವಿಲ್ಲಿ ಆರಾಮವಾಗಿದ್ದೇವೆ. ನನ್ನ ಮನೆಯಾಕೆ ಉಷಾರಾಣಿಯ ಮಂಡಿ ನೋವು ಈಗ ಮೆಟ್ಟಿಲು ಹತ್ತುವಷ್ಟು ಕಡಿಮೆಯಾಗಿದೆ. ನಿನ್ನ ಶುಗರ್ ಗುಳಿಗೆ ಮುಗಿಯುವ ಮೊದಲೇ ತರಿಸಿಕೋ ಎಂದು ನಿನಗೆ ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ.

ತಡವಾಯಿತು, ತಪ್ಪು ತಿಳಿಯಬೇಡ. ಈ ತಿಂಗಳಲ್ಲಿ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಾನು "ಗಾಡಿ ಓಡಿಸ್ತಿದೀನಕ್ಕ, ಆಮ್ಯಾಲೆ ಮಾಡ್ತೀನಿ" ಅಂದೆ. ಮೂರು ಸಲವೂ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದೆ. ನನ್ನ ವಾಯ್ಸ್ ಮೆಸೇಜುಗಳು ನಿನಗೆ ಗೊತ್ತೇ ಇವೆ. ಒಂದೊಂದೂ ಹತ್ತು ನಿಮಿಷ. "ಇವನದು ಮೆಸೇಜಲ್ಲ, ರೇಡಿಯೋ ಸ್ಟೇಷನ್ನು" ಎಂದು ನೀನು ಬೈಯುತ್ತೀಯ. ಈ ಸಲ ನಿನಗೆಂದು ಹನ್ನೊಂದು ರೆಕಾರ್ಡ್ ಮಾಡಿದೆ ಅಕ್ಕ, ಹನ್ನೊಂದನ್ನೂ ಅಳಿಸಿದೆ. ಬಾಯಿಗೆ ಬಿಟ್ಟರೆ ನನ್ನ ಮಾತು ವಿಷಯದಿಂದ ಶುರುವಾಗಿ ಯಾರದೋ ಮದುವೆ, ಯಾರದೋ ಮಾರುತಿ ವ್ಯಾನು ಎಂದು ಎತ್ತಲೋ ಹೋಗಿಬಿಡುತ್ತದೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಇಪ್ಪತ್ತು ವರ್ಷ ಗೋಡೆಯ ಮೇಲೆ ಅಕ್ಷರ ಬರೆದ ಕೈ, ಕಾಗದದ ಮೇಲೆ ಯಾಕೋ ಅಳುಕುತ್ತದೆ.

ಒಂದು ಮಾತು ನಡೆಸಿಕೊಡು. ಇದನ್ನು ನೀನೊಬ್ಬಳೇ ಓದು. ನಿಧಾನವಾದರೆ ಆಗಲಿ, ಏಳನೇ ಕ್ಲಾಸು ಓದಿದವಳು ನೀನು. ಭೀಮೇಶನ ಕೈಲಿ ಓದಿಸಬೇಡ. ನಿನ್ನ ಮಗ ಒಳ್ಳೆಯವನೇ, ಆದರೆ ಇದು ಮೊದಲು ನಿನ್ನ ಕಣ್ಣಿಗೆ ಬೀಳಬೇಕು.

ಬೆಂಚಿನ ವಿಷಯಕ್ಕೆ ಬರುತ್ತೇನೆ. ಸೊಕ್ಕೆ ಬಸ್‌ಸ್ಟಾಪಿನಲ್ಲಿ ಭಾವನ ಹೆಸರಿಗೆ ಕಲ್ಲುಬೆಂಚು ಹಾಕಿಸುತ್ತಿರುವುದು ಬಹಳ ಒಳ್ಳೆಯ ಕೆಲಸ. ಬಿಸಿಲಲ್ಲಿ ಕಂಬ ಹತ್ತಿ ಊರಿಗೆ ಕರೆಂಟು ಕೊಟ್ಟ ಲೈನ್‌ಮ್ಯಾನಿನ ಹೆಸರಲ್ಲಿ ನಾಲ್ಕು ಜನ ನೆರಳಿಗೆ ಕೂರಲಿ. ಕಲ್ಲು ಕೆತ್ತುವ ಓಬಣ್ಣನೂ ನನಗೆ ಫೋನ್ ಮಾಡಿದ್ದ. "ಏನಣ್ಣಾ, ಕಲ್ಲು ನುಣುಪು ಮಾಡಿ ಹದಿನೈದು ದಿನ ಆತು. ನೀವು ಅಕ್ಷರ ಬರ್ಕೊಟ್ರೆ ಕಲ್ಲಿಗೆ ಇಳಿಸ್ಕಂಡು ಉಳಿ ಹಿಡೀತೀನಿ. ಕಂಪ್ಯೂಟರ್ ಅಕ್ಷರ ಬ್ಯಾಡ, ತಮ್ಮನ ಕೈಯಿಂದ್ಲೇ ಆಗ್ಬೇಕು ಅಂತ ಅಕ್ಕಾರು ಹಟ ಹಿಡ್ದಾರೆ" ಅಂದ. ಬರೆದಿದ್ದೇನೆ. ಚಿತ್ತಪ್ಪ ಎಂದು ಹೆಸರು, ಅದರ ಕೆಳಗೆ ಹುಟ್ಟಿದ, ತೀರಿದ ಇಸವಿ. ಮೂರನೆಯ ಸಾಲು ಖಾಲಿ ಬಿಟ್ಟಿದ್ದೇನೆ. ಅಲ್ಲಿ "ಗಾಬ್ರಿ ಆಗ್ಬ್ಯಾಡ್ರಿ, ಮೊದ್ಲು ಉಣ್ರಿ" ಎಂದು ಇರಲೇಬೇಕು ಎಂದು ನೀನು ಹೇಳಿದ್ದೀಯ. ಆ ಸಾಲು ಬರೆಯಲು ನನ್ನಿಂದ ಆಗಿಲ್ಲ. ಯಾಕೆಂದು ಹೇಳಲೇಬೇಕು. ಹೇಳಬೇಕಾದರೆ ಆ ಕೆಂಪು ಪೋಸ್ಟರು ನನ್ನ ಅಂಗಡಿಯಿಂದ ಹೇಗೆ ಹೊರಟಿತು ಅನ್ನುವುದರಿಂದಲೇ ಶುರು ಮಾಡಬೇಕು.

ಈ ವರ್ಷ ಯುಗಾದಿ ಆದ ಮೇಲೆ ಬಸ್‌ಸ್ಟ್ಯಾಂಡ್ ಪಕ್ಕದ ಮಿರ್ಚಿ ಮಂಡಕ್ಕಿ ಹೋಟೆಲಿನ ರಂಗನಾಥ್ ನಮ್ಮ ಬ್ಯಾನರ್ ಅಂಗಡಿಗೆ ಬಂದ. ಮೈಮೇಲೆ ಕೆಂಪು ಟೀ ಶರ್ಟು, ಎದೆಯ ಮೇಲೊಂದು ಬಿಳಿ ಕಿರೀಟ, ಕೆಳಗೆ ಐದು ಸಾಲು ಇಂಗ್ಲಿಷ್.

"ಇದು ಏನೈತೆ ಅಂತ ಗೊತ್ತಿಲ್ಲ ಪಾಲಣ್ಣ, ದಾವಣಗೆರೆ ಸಂತ್ಯಾಗೆ ತಗಂಡೆ. ಆದ್ರೆ ಎಲ್ಲಾರೂ ತಿರುಗಿ ತಿರುಗಿ ನೋಡ್ತಾರೆ. ನನ್ ಹೋಟ್ಲಿಗೆ ಇಂಥಾದ್ದೇ ಒಂದು ಮಾಡ್ಕೊಡು. ಕಿರೀಟದ ಜಾಗದಾಗೆ ಮಿರ್ಚಿ ಹಾಕು" ಅಂದ.

ಕಂಪ್ಯೂಟರ್ ಮುಂದೆ ಕೂರುವ ರೂಪಶ್ರೀ ನಿನಗೆ ಗೊತ್ತಲ್ಲ, ಎಂಟು ವರ್ಷದಿಂದ ನಮ್ಮಲ್ಲಿದ್ದಾಳೆ. ಅವಳು ಫೋನಿನಲ್ಲಿ ಹುಡುಕಿ ಅದರ ಕಥೆಯನ್ನೆಲ್ಲ ಓದಿ ಹೇಳಿದಳು. ಎಂಬತ್ತಾರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಅಲ್ಲಿನ ಸರ್ಕಾರ ಜನಕ್ಕೆ ಧೈರ್ಯ ಹೇಳಲು ಮೂರು ಪೋಸ್ಟರ್ ಮಾಡಿಸಿತಂತೆ. ಎರಡನ್ನು ಊರೂರಿಗೆ ಹಚ್ಚಿದರು. ಒಂದರಲ್ಲಿ ನಿಮ್ಮ ಧೈರ್ಯ, ನಿಮ್ಮ ನಗುಮುಖ ನಮಗೆ ಗೆಲುವು ತರುತ್ತದೆ ಎಂದಿತ್ತು. ಅಲ್ಲಿನ ಜನಕ್ಕೆ ಅದು ಹಿಡಿಸಲಿಲ್ಲ.

"ಯಾಕ್ ಹಿಡಿಸ್ತೈತಿ?" ಅಂದ ರಂಗನಾಥ್. "ಕಷ್ಟ ನಿಮ್ದು, ಗೆಲುವು ನಮ್ದು ಅಂದಂಗಾತಲ್ಲ."

ಮೂರನೆಯದೇ ಈ ಕಿರೀಟದ್ದು. ಗಾಬರಿಯಾಗದೆ ನಿಮ್ಮ ಕೆಲಸ ಮುಂದುವರಿಸಿ ಎಂದು ಅದರ ಅರ್ಥ. ಇಪ್ಪತ್ತು ಲಕ್ಷಕ್ಕೂ ಮೇಲೆ ಅಚ್ಚು ಹಾಕಿ, ದೊಡ್ಡ ಅನಾಹುತ ಆದಾಗ ಹಚ್ಚೋಣ ಎಂದು ಕಟ್ಟಿಟ್ಟರಂತೆ. ಬಾಂಬು ಬಿದ್ದಾಗಲೂ ಹಚ್ಚಲಿಲ್ಲ. ಕೊನೆಗೆ ಹೆಚ್ಚಿನದನ್ನೆಲ್ಲ ರದ್ದಿಗೆ ಹಾಕಿಬಿಟ್ಟರು. ಅರವತ್ತು ವರ್ಷ ಕಳೆದ ಮೇಲೆ ಹಳೇ ಪುಸ್ತಕದ ಅಂಗಡಿಯ ಗಂಡ ಹೆಂಡತಿಗೆ ಒಂದು ಪೆಟ್ಟಿಗೆಯ ತಳದಲ್ಲಿ ಅದರ ಒಂದು ಪ್ರತಿ ಸಿಕ್ಕಿತು. ಅಂಗಡಿಯಲ್ಲಿ ತೂಗುಹಾಕಿದರು. ಬಂದವರೆಲ್ಲ ನಮಗೂ ಬೇಕು ಎಂದರು. ಅಲ್ಲಿಂದ ಕಪ್ಪಿನ ಮೇಲೆ, ಚೀಲದ ಮೇಲೆ, ಬನಿಯನ್ ಮೇಲೆ ಹತ್ತಿ, ಒಬ್ಬೊಬ್ಬರು ಒಂದೊಂದು ತಮಾಷೆ ಸೇರಿಸಿ, ದೇಶ ಸುತ್ತಿ ರಂಗನಾಥನ ಎದೆಗೆ ಬಂದು ಕೂತಿದೆ. ಹೆದರಿದವರಿಗೆಂದು ಮಾಡಿದ್ದು, ಹೆದರಿಕೆಯೇ ಇಲ್ಲದವರು ನಗಲು ಹಾಕಿಕೊಳ್ಳುತ್ತಿದ್ದಾರೆ. ನನಗೆ ಅದು ಬಹಳ ಹೊತ್ತು ತಲೆಯಲ್ಲಿ ಉಳಿಯಿತು.

ಅಷ್ಟರಲ್ಲಿ ನ್ಯಾಮತಿಯಿಂದ ಬೋರ್ಡಿನ ಅಳತೆಗೆ ಬಾ ಎಂದು ಫೋನ್ ಬಂತು. "ಏನಾದ್ರೂ ಒಂದು ಮಾಡ್ಕೊಡಮ್ಮ ಇವ್ನಿಗೆ" ಎಂದು ರೂಪಶ್ರೀಗೆ ಹೇಳಿ ಹೋದೆ. ಸಂಜೆ ವಾಪಸ್ಸು ಬರುವಷ್ಟರಲ್ಲಿ ಪೋಸ್ಟರು ರಂಗನಾಥನ ಗಲ್ಲಾದ ಹಿಂದೆ ಗೋಡೆ ಏರಿ ಕೂತಿತ್ತು. ಕೆಂಪು ಹಾಳೆ, ಮೇಲೆ ಒಂದು ಬಿಳಿ ಮಿರ್ಚಿ, ಕೆಳಗೆ "ಗಾಬ್ರಿ ಆಗ್ಬ್ಯಾಡ್ರಿ, ಮೊದ್ಲು ಉಣ್ರಿ". ಗಿರಾಕಿಗಳು ಓದಿ ಓದಿ ನಗುತ್ತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಅಂಗಡಿಗೆ ಬಂದು ರೂಪಶ್ರೀಯನ್ನು ಕೇಳಿದೆ, "ಈ ಮಾತು ನಿಂಗೆ ಯಾರು ಹೇಳಿದ್ರು?"

"ಅಯ್ಯ, ಯಾರ್ ಹೇಳ್ಬೇಕು ಸಾರ್? ನಿಮ್ದೇ ಅಲ್ವಾ?" ಅಂದಳು. "ಮದ್ವೆ ಬ್ಯಾನರ್ ಇನ್ನೂ ಆಗಿಲ್ಲ ಅಂತ ಯಾರಾದ್ರೂ ಕೂಗಾಡ್ಕಂಡು ಬಂದ್ರೆ ಇದೇ ಅಂತಿದ್ರಿ. ದಿನಕ್ಕೆ ಹತ್ತು ಸಲ. ಮೂರು ವರ್ಷದಿಂದ ಯಾಕೋ ನಿಮ್ ಬಾಯಾಗೆ ಕೇಳೇ ಇಲ್ಲ. ಹಂಗಾಗಿ ನೆಪ್ಪಾತು."

ಬೇಡ, ಕೀಳಿಸು ಎಂದು ಅವತ್ತೇ ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಿದ್ದಳು.

ಆಮೇಲೆ ಅದು ನನ್ನ ಕೈಯಲ್ಲಿ ಉಳಿಯಲಿಲ್ಲ. ಸಾಸ್ವೆಹಳ್ಳಿಯ ಮೋಟಾರ್ ರಿಪೇರಿಯವರು ಬಂದು "ಗಾಬ್ರಿ ಆಗ್ಬ್ಯಾಡ್ರಿ, ಕರೆಂಟ್ ಬರ್ತೈತೆ" ಎಂದು ಮಾಡಿಸಿಕೊಂಡರು. ಚನ್ನಗಿರಿಯ ಟ್ಯೂಷನ್ ಮೇಷ್ಟ್ರು "ಗಾಬ್ರಿ ಆಗ್ಬ್ಯಾಡ್ರಿ, ಸಪ್ಲಿಮೆಂಟ್ರಿ ಐತೆ" ಎಂದು. ನಲ್ಲೂರಿನ ಕ್ಷೌರದಂಗಡಿಯವನಂತೂ "ಗಾಬ್ರಿ ಆಗ್ಬ್ಯಾಡ್ರಿ, ಕೂದ್ಲು ಮತ್ತೆ ಬರ್ತೈತೆ" ಎಂದು ಬರೆಸಿದ. ಅವನ ತಲೆಯೇ ಬೋಳು. ರೂಪಶ್ರೀ ನಕ್ಕು ನಕ್ಕು ಕೀಬೋರ್ಡ್ ಮೇಲೆ ಚಹಾ ಚೆಲ್ಲಿಕೊಂಡಳು. ಊರಿಗೆ ಊರೇ ತಮಾಷೆಗೆ ಬಿದ್ದಿತ್ತು. ನಿಜ ಹೇಳಲೇ ಅಕ್ಕ, ನನಗೂ ಖುಷಿಯಾಯಿತು. ಆ ಮಾತು ಇಷ್ಟು ಜನರ ಬಾಯಲ್ಲಿ ಸವೆದರೆ ನನಗೂ ಅದು ಬರೀ ತಮಾಷೆಯಾಗುತ್ತದೆ ಎಂದುಕೊಂಡೆ. ಆಗುತ್ತಲೂ ಇತ್ತು.

ಆಗಸ್ಟ್ ತಿಂಗಳಲ್ಲಿ ನಿನ್ನ ಫೋನ್ ಬಂತು. ಜಗಳೂರು ಬಸ್‌ಸ್ಟ್ಯಾಂಡಿನ ಹೋಟೆಲೊಂದರಲ್ಲಿ ಆ ಕೆಂಪು ಹಾಳೆ ನೋಡಿ ಅಲ್ಲಿಂದಲೇ ಮಾಡಿದ್ದೆ. ಹಿಂದೆ ಬಸ್ಸಿನ ಹಾರ್ನು, ಕಂಡಕ್ಟರ್ ಕೂಗು.

"ಲೇ ತಮ್ಮಾ, ನಿಮ್ ಭಾವನ ಮಾತು ಜಗಳೂರಿನ ತನಕ ಬಂದೈತಲ್ಲೋ! ಕೆಂಪಗೆ, ದೊಡ್ಡಕ್ಷರದಾಗೆ. ನಾನಿಲ್ಲಿ ನಿಂತ್ಕಂಡು ಅಳಾಕತ್ತೀನಿ, ಹೋಟ್ಲಿನೋರು ಏನಾತಮ್ಮ ಅಂತ ಕೇಳ್ತಾರೆ. ನಮ್ ಯಜಮಾನ್ರು ಸಾಯೋ ಮುಂಚೆ ನಂಗೆ ಹೇಳಿದ್ ಕಡೇ ಮಾತು ಕಣ್ರಿ ಇದು ಅಂತ ಹೇಳ್ದೆ. ಪಾಪ, ಚಹಾಕ್ಕೆ ದುಡ್ಡು ಬ್ಯಾಡ ಅಂದ್ರು. ನೀನು ಒಂದ್ ಮಾತು ನಂಗೆ ಹೇಳ್ಲಿಲ್ವಲ್ಲೋ ಹಿಂಗೆ ಮಾಡಿಸ್ತೀನಿ ಅಂತ!"

ನೀನು ಅದನ್ನು ತಮಾಷೆ ಎಂದು ನೋಡಲೇ ಇಲ್ಲ. ಭಾವನ ನೆನಪಿಗೆ ತಮ್ಮ ಮಾಡಿದ ಕೆಲಸ ಎಂದುಕೊಂಡೆ. ನಾನು "ಹೂಂ ಅಕ್ಕ" ಅಂದೆ.

ಭಾವ ತೀರಿದ ದಿನ ಅಂಗಳದಲ್ಲಿ ನೀನು ಬಂದವರಿಗೆಲ್ಲ ಹೇಳುತ್ತಿದ್ದುದು ನನಗೆ ನೆನಪಿದೆ. "ಹೊರಗಿಂದ ಬಂದೋರೇ ಮಣೆ ಮ್ಯಾಲೆ ಕುಂತ್ರು. ಮುಖ ಬೆವ್ತಿತ್ತು. ಯಾಕ್ರಿ ಹಿಂಗಿದೀರಿ ಅಂದೆ. ಗಾಬ್ರಿ ಆಗ್ಬ್ಯಾಡ, ಮೊದ್ಲು ಉಣ್ಣಾನ ಬಾ ಅಂದ್ರು. ಕಡೇ ಗಳಿಗ್ಯಾಗೂ ನನ್ ಗಾಬ್ರಿ ನೋಡಿದ್ರೇ ಹೊರ್ತು ಅವರದ್ದು ನೋಡ್ಲಿಲ್ಲ." ಕೇಳಿದವರೆಲ್ಲ ಎಂಥ ಧೈರ್ಯವಂತ ಎಂದರು. ನಾನೂ ಕಂಬಕ್ಕೊರಗಿ ಕೇಳಿಸಿಕೊಂಡೆ. ಆ ಮಾತು ನಿನ್ನನ್ನು ಮೂರು ವರ್ಷ ಹಿಡಿದು ನಿಲ್ಲಿಸಿದೆ. ಅದನ್ನೇ ಈಗ ಕಲ್ಲಿನಲ್ಲಿ ಕೆತ್ತಿಸಬೇಕು ಎನ್ನುತ್ತಿದ್ದೀಯ.

ಹೋದ ಸೋಮವಾರ ನ್ಯಾಮತಿಯ ಔಷಧಿ ಅಂಗಡಿಯ ಚಿಕ್ಕಹನುಮಂತಪ್ಪನವರು ಬಂದರು. ಎಪ್ಪತ್ತರ ಹತ್ತಿರದ ಮನುಷ್ಯ, ಮಾತು ಒರಟು.

"ಈ ಗಾಬ್ರಿ ಆಗ್ಬ್ಯಾಡ್ರಿ ಅನ್ನೋ ಬೋರ್ಡು ಮಾಡೋನು ನೀನೇ ಏನಪ್ಪಾ?"

"ಹೌದ್ರಿ."

"ನಂಗೊಂದು ಉಲ್ಟಾ ಬರ್ಕೊಡು. ಎದೆ ಹಿಡಿದ್ರೆ ಗಾಬ್ರಿ ಆಗ್ರಿ, ಆಸ್ಪತ್ರಿಗೆ ಓಡ್ರಿ."

ರೂಪಶ್ರೀ ನಕ್ಕಳು. ಅವರು ನಗಲಿಲ್ಲ.

"ನಗ್ಬ್ಯಾಡಮ್ಮ. ದಿನಾ ಬರ್ತಾರೆ ನನ್ ಅಂಗ್ಡಿಗೆ. ಎದಿ ಉರಿ, ಗ್ಯಾಸು, ಒಂದ್ ಗುಳಿಗಿ ಕೊಡ್ರಿ ಅಂತ. ಬೆವ್ತು ನೀರಾಗಿರ್ತಾರೆ. ಆಸ್ಪತ್ರಿಗೆ ಹೋಗು ಅಂದ್ರೆ ಯಾರೋ ಪಕ್ಕದಾಗಿದ್ದೋನು ಏ ಸುಮ್ನಿರ್ರಿ, ಏನೂ ಆಗಲ್ಲ ಅಂತಾನೆ. ನೋವು ಅವನ್ದಲ್ಲವಲ್ಲ, ಅವನಿಗೇನು? ಆ ಪಕ್ಕದಾಗಿದ್ದೋನು ಓದ್ಲಿ ಅಂತ ಈ ಬೋರ್ಡು."

ಕಂಪ್ಯೂಟರ್ ಬಿಟ್ಟು ನಾನೇ ಕುಂಚ ತೆಗೆದೆ. ಎಷ್ಟೋ ದಿನದ ಮೇಲೆ ತಗಡಿನ ಮೇಲೆ ಕೈಯಿಂದ ಬರೆದೆ. "ಗಾಬ್ರಿ ಆಗ್ರಿ" ಎಂದು ಬರೆಯಲು ಹೋಗಿ ಎರಡು ಸಲ ಬರೆದು ಒರೆಸಿದೆ. ಮೂರನೆಯ ಸಲ ರೂಪಶ್ರೀ ಬಂದು ತಗಡು ಹಿಡಿದುಕೊಂಡಳು. "ಹುಷಾರಿಲ್ವಾ ಸಾರ್?" ಅಂದಳು. ಏನಿಲ್ಲ ಅಂದೆ. ಬಣ್ಣ ಒಣಗಿದ ಮೇಲೆ ಚಿಕ್ಕಹನುಮಂತಪ್ಪನವರೇ ಬೋರ್ಡು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು.

ಅವತ್ತಿನಿಂದ ಒಂದೇ ಯೋಚನೆ. ಗಾಬರಿಯಾಗಬೇಡಿ ಎಂದು ಹೇಳುವವನು ಯಾವಾಗಲೂ ಎಲ್ಲಿ ನಿಂತಿರುತ್ತಾನೆ? ಆ ಇಂಗ್ಲೆಂಡಿನ ಪೋಸ್ಟರು ಬರೆದವರು ಎಲ್ಲೋ ಆಫೀಸಿನಲ್ಲಿ ಕೂತಿದ್ದರು, ಬಾಂಬು ಬೀಳುವುದು ಬೇರೆಯವರ ಮನೆಯ ಮೇಲೆ. ಅವರದು ಕೆಟ್ಟ ಮನಸ್ಸೆಂದು ನಾನು ಹೇಳುವುದಿಲ್ಲ. ಒಳ್ಳೆಯದಕ್ಕೇ ಬರೆದಿದ್ದಾರು. ಆದರೂ ಅದನ್ನು ಹಚ್ಚದೆ ಇಟ್ಟರಲ್ಲ, ಅಷ್ಟಾದರೂ ಅನುಮಾನ ಅವರಿಗಿತ್ತು. ನನಗೆ ಅಷ್ಟೂ ಇರಲಿಲ್ಲ.

ಅಕ್ಕ, ಆ ಮಾತು ಭಾವನದಲ್ಲ, ನನ್ನದು. ರೂಪಶ್ರೀ ಹೇಳಿದ್ದು ಸರಿ. ಭಾವ ಅದನ್ನು ನನ್ನಿಂದ ಕೇಳಿ ನಿನಗೆ ಹೇಳಿದರು. ನಿನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದರು, ಅದರಲ್ಲಿ ಅನುಮಾನ ಬೇಡ. ನಿನಗೆ ಹೇಳುವಾಗ ಅವರ ಬಾಯಲ್ಲಿ ಅದಕ್ಕಿದ್ದ ಅರ್ಥ ನಿನ್ನದೇ, ಅದನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಆದರೆ ಬೆಂಚಿನ ಮೇಲೆ ಅವರ ಹೆಸರಿನ ಕೆಳಗೆ ನನ್ನ ಮಾತು ಇರಬಾರದು. ಅದಕ್ಕೇ ಆ ಸಾಲು ಖಾಲಿ ಇಟ್ಟಿದ್ದೇನೆ. ನೀನು ಬೇರೆ ಏನು ಹೇಳಿದರೂ ಬರೆದು, ಬಸ್ಸಿಗೆ ಕೊಡದೆ, ನಾನೇ ಸೊಕ್ಕೆಗೆ ತಂದು ಓಬಣ್ಣನ ಕೈಗೆ ಕೊಡುತ್ತೇನೆ. ಬರಬೇಡ ಎಂದರೆ ರೂಪಶ್ರೀಯ ಕೈಲಿ ಕಳಿಸುತ್ತೇನೆ. ರಂಗನಾಥನ ಗೋಡೆಯದನ್ನು ನಿನ್ನೆ ಬಿಚ್ಚಿಸಿದೆ. "ಏನೋ ನಿಂಗೆ ಬಂದಿರೋದು, ಗಿರಾಕಿ ನೋಡಿ ಬರೋದೇ ಅದನ್ನ" ಎಂದು ಜಗಳವಾಡಿದ. ಉಳಿದ ಊರುಗಳಲ್ಲಿ ಇರುವುದನ್ನು ನಾನು ಬಿಚ್ಚಿಸಲಾರೆ. ಅವು ಇರುತ್ತವೆ, ಜನ ನಗುತ್ತಾರೆ.

ಭೀಮೇಶನ ಮಗುವಿಗೆ ನನ್ನ ಆಶೀರ್ವಾದ ಹೇಳು, ಹಲ್ಲು ಬಂತು ಎಂದು ಕೇಳಿ ಸಂತೋಷವಾಯಿತು. ಸೊಸೆಗೂ ಹೇಳು. ದೇವರು ನಿನಗೆ ಆಯಸ್ಸು ಆರೋಗ್ಯ ಕೊಡಲಿ. ತಮ್ಮನೆಂದು ಒಪ್ಪುವುದಾದರೆ ನೀನೂ ನನ್ನನ್ನು ಹರಸು.

ಇಂತಿ
ನಿನ್ನ ತಮ್ಮ
ಪಾಲಣ್ಣ

ತಾ.ಕ.: ಸಹಿ ಹಾಕಿದ ಮೇಲೆ ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಯಾವಾಗ ಕೇಳಿದರು ಎಂಬುದನ್ನು ಬರೆಯದೆ ಬಿಟ್ಟಿದ್ದೆ. ಅಷ್ಟು ಬರೆದು ನಿಲ್ಲಿಸಿದರೆ ಮೂರು ವರ್ಷ ಮಾಡಿದ್ದನ್ನೇ ಮತ್ತೆ ಮಾಡಿದಂತೆ.

ಅವರು ತೀರಿದ ದಿನವೇ ಕೇಳಿದರು ಅಕ್ಕ. ಮಧ್ಯಾಹ್ನ ಒಂದು ಗಂಟೆಗೆ, ನೀನು ಒಳಗೆ ಮುದ್ದೆ ತಿರುವುತ್ತಿದ್ದಾಗ. ಟ್ರಾನ್ಸ್‌ಫಾರ್ಮರ್ ಹತ್ತಿರ ಬೈಕಿನ ಮೇಲೆ ಕೂತು ನನಗೆ ವಾಯ್ಸ್ ಮೆಸೇಜು ಕಳಿಸಿದರು. "ಪಾಲಣ್ಣಾ, ಎದೆ ಮ್ಯಾಲೆ ಚಪ್ಪಡಿ ಇಟ್ಟಂಗೆ ಆಗ್ತೈತಪ್ಪ, ಎಡಗೈ ಜೋಮು ಹಿಡ್ದೈತೆ. ನಿಮ್ಮಕ್ಕಂಗೆ ಹೇಳಿಲ್ಲ, ಹೆದರ್ಕಂತಾಳೆ. ಭೀಮೇಶನ್ನ ಕರ್ಕಂಡು ಜಗಳೂರಿಗೆ ಹೋಗಿ ತೋರಿಸ್ಲೇನು?" ನಾನು ಒಂದು ಮದುವೆ ಬ್ಯಾನರಿಗೆ ಚೌಕಟ್ಟು ಹೊಡೆಯುತ್ತಿದ್ದೆ, ಗಿರಾಕಿ ತಲೆಯ ಮೇಲೆ ನಿಂತಿದ್ದ. ಒಂದು ಕೈಯಲ್ಲಿ ಸುತ್ತಿಗೆ ಇಟ್ಟುಕೊಂಡೇ ವಾಯ್ಸ್ ಮೆಸೇಜಿನಲ್ಲಿ ಹೇಳಿದೆ, "ಏ ಭಾವ, ಅದು ಗ್ಯಾಸು. ಜಗಳೂರಿಗೆ ಎಲ್ಲಿ ಹೋಗ್ತೀರಿ ಈ ಬಿಸ್ಲಾಗೆ. ಗಾಬ್ರಿ ಆಗ್ಬ್ಯಾಡ್ರಿ, ಮೊದ್ಲು ಉಣ್ರಿ." ಅವರು ನನ್ನ ಮಾತು ಕೇಳಿದರು. ಮನೆಗೆ ಬಂದು ಮಣೆಯ ಮೇಲೆ ಕೂತರು. ಉಂಡಿದ್ದು ಎರಡೇ ತುತ್ತು ಎಂದು ನೀನೇ ಹೇಳಿದ್ದೀಯ.

ಭಾವ ಗಾಬರಿಯಾಗಿದ್ದರು ಅಕ್ಕ. ಹೋಗಬೇಕೆಂದೇ ಇದ್ದರು. ಅವರ ಫೋನು ನಿನ್ನ ಟ್ರಂಕಿನಲ್ಲಿದೆ ಎಂದು ಭೀಮೇಶ ಹೇಳಿದ. ನಾನು ಬರೆದದ್ದು ನಿಜವೋ ಅಲ್ಲವೋ ಎನಿಸಿದರೆ ಚಾರ್ಜಿಗೆ ಹಾಕಿ ಕೇಳು. ಮೊದಲು ಅವರ ದನಿ ಬರುತ್ತದೆ, ಆಮೇಲೆ ನನ್ನದು.